ಹೃದಯದ ಕಾವಲು

ಎದೆ ಎಂಬ ಮಾತು ನಮ್ಮ ನುಡಿಯಲ್ಲಿ ಎಷ್ಟೊಂದು ಬಗೆಯಾಗಿ ಬಳಕೆಯಾಗಿದೆ! ಸಂತೋಷವಾದಾಗ ಎದೆ ಉಬ್ಬುತ್ತದೆ. ಭಯವಾದಾಗ ಎದೆ ಝಲ್ಲೆನ್ನುತ್ತದೆ. ದುಃಖ ಹೆಚ್ಚಿದಾಗ ಎದೆ ಬಿರಿಯುತ್ತದೆ. ಧೈರ್ಯಶಾಲಿಗೆ ಎದೆಗಾರನೆಂದೇ ಹೆಸರು. ಮನಸ್ಸಿನ ಏರಿಳಿತಗಳನ್ನೆಲ್ಲ ನಮ್ಮ ಹಿರಿಯರು ಎದೆಯ ಮೇಲೆ ಹೊರಿಸಿದರು. ಭಾವನೆಗಳು ಹುಟ್ಟುವುದು ಮೆದುಳಿನಲ್ಲಿ ಎಂದು ಶರೀರಶಾಸ್ತ್ರ ಹೇಳುತ್ತದೆ. ಆದರೂ ಹಿರಿಯರ ಮಾತು ಬರಿಯ ಕಲ್ಪನೆಯಲ್ಲ. ಭಯಗೊಂಡಾಗ ಹೃದಯದ ಬಡಿತ ತೀವ್ರವಾಗುವುದೂ ಮನಸ್ಸು ಶಾಂತವಾದಾಗ ಅದು ನಿಧಾನವಾಗುವುದೂ ಎಲ್ಲರ ಅನುಭವಕ್ಕೆ ಬಂದ ಸಂಗತಿ.

ನಿಮ್ಮ ಬಲಗೈಯ ಮೂರು ಬೆರಳುಗಳನ್ನು ಎಡಗೈಯ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ, ಮೆಲ್ಲನೆ ಇಟ್ಟು ನೋಡಿ. ಬೆರಳುಗಳ ಕೆಳಗೆ ಏನೋ ಒಂದು ಮಿಡಿಯುವುದು ತಿಳಿಯುತ್ತದೆ. ಅದೇ ನಾಡಿ. ಗಡಿಯಾರವನ್ನು ಎದುರಿಗಿಟ್ಟುಕೊಂಡು ಒಂದು ನಿಮಿಷ ಎಣಿಸಿರಿ. ಸುಮ್ಮನೆ ಕುಳಿತಿರುವ ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ ಅರುವತ್ತರಿಂದ ನೂರರ ಒಳಗೆ ಇರುತ್ತದೆ. ಈ ಎಣಿಕೆಗೆ ದೊಡ್ಡ ವಿದ್ಯೆಯೇನೂ ಬೇಡವೆಂದು ತೋರಬಹುದು. ಆದರೆ ಹೃದ್ರೋಗಿಯ ಹಾಸಿಗೆಯ ಬಳಿ ನಿಂತ ಶುಶ್ರೂಷಕಿಗೆ ಇದೇ ಎಣಿಕೆ ಕೆಲವೊಮ್ಮೆ ಒಂದು ಜೀವವನ್ನು ಉಳಿಸುವ ಸಾಧನವಾಗುತ್ತದೆ. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಮೊದಲು ಹೃದಯದ ಕೆಲಸವನ್ನು ಅರಿಯಬೇಕು.

ಹೃದಯವು ಸುಮಾರು ಅವರವರ ಮುಷ್ಟಿಯಷ್ಟು ದೊಡ್ಡದಾದ, ಸ್ನಾಯುವಿನಿಂದಾದ ಅಂಗ. ವಯಸ್ಕರಲ್ಲಿ ಅದರ ತೂಕ ಸುಮಾರು 300 ಗ್ರಾಂ. ಎರಡು ಶ್ವಾಸಕೋಶಗಳ ನಡುವೆ, ತುಸು ಎಡಕ್ಕೆ ವಾಲಿಕೊಂಡು ಅದು ನೆಲೆಸಿದೆ. ಅದರೊಳಗೆ ನಾಲ್ಕು ಕೋಣೆಗಳುಂಟು. ಮೇಲಿನ ಎರಡಕ್ಕೆ ಹೃತ್ಕರ್ಣಗಳೆಂದೂ ಕೆಳಗಿನ ಎರಡಕ್ಕೆ ಹೃತ್ಕುಕ್ಷಿಗಳೆಂದೂ ಹೆಸರು. ದೇಹವನ್ನೆಲ್ಲ ಸುತ್ತಿ ಬಂದ ಮಲಿನ ರಕ್ತವು ಬಲಹೃತ್ಕರ್ಣವನ್ನು ಸೇರಿ, ಅಲ್ಲಿಂದ ಬಲಹೃತ್ಕುಕ್ಷಿಗೆ ಇಳಿದು, ಶ್ವಾಸಕೋಶಗಳಿಗೆ ಹೋಗುತ್ತದೆ. ಅಲ್ಲಿ ಇಂಗಾಲದ ಡೈಆಕ್ಸೈಡನ್ನು ಬಿಟ್ಟು, ಆಮ್ಲಜನಕವನ್ನು ಪಡೆದು, ಎಡಹೃತ್ಕರ್ಣಕ್ಕೆ ಹಿಂದಿರುಗುತ್ತದೆ. ಅಲ್ಲಿಂದ ಎಡಹೃತ್ಕುಕ್ಷಿಗೆ ಬಂದ ರಕ್ತವನ್ನು ಹೃದಯವು ಬಲವಾಗಿ ಅದುಮಿ ಮಹಾಪಧಮನಿಯ ಮೂಲಕ ಸರ್ವಾಂಗಕ್ಕೂ ಕಳುಹಿಸುತ್ತದೆ. ಹೋದ ರಕ್ತ ಹಿಮ್ಮೆಟ್ಟದಂತೆ ತಡೆಯಲು ನಾಲ್ಕು ಕವಾಟಗಳಿವೆ. ವೈದ್ಯರು ಎದೆಗೆ ಕೊಳವೆಯಿಟ್ಟು ಆಲಿಸುವ ‘ಲಬ್ ಡಬ್’ ಎಂಬ ಸದ್ದು ಈ ಕವಾಟಗಳು ಮುಚ್ಚಿಕೊಳ್ಳುವ ಸದ್ದೇ ಆಗಿದೆ.

ಒಂದೊಂದು ಬಡಿತಕ್ಕೆ ಹೃದಯವು ಹೊರದೂಡುವ ರಕ್ತ ಸುಮಾರು 70 ಮಿಲಿಲೀಟರು. ಒಂದು ಸಣ್ಣ ಲೋಟದ ಅರ್ಧದಷ್ಟು. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ನಿಮಿಷಕ್ಕೆ 72 ಬಡಿತಗಳಂತೆ ಲೆಕ್ಕ ಹಾಕಿದರೆ ದಿನವೊಂದಕ್ಕೆ 1,03,680 ಬಡಿತಗಳಾದುವು. ಅಷ್ಟರಲ್ಲಿ ಹೃದಯವು ಏಳು ಸಾವಿರ ಲೀಟರುಗಳಿಗೂ ಮಿಕ್ಕಿದ ರಕ್ತವನ್ನು ಸಾಗಿಸಿರುತ್ತದೆ.

ಹೃದಯಕ್ಕೆ ವಿಶ್ರಾಂತಿಯೇ ಇಲ್ಲವೆಂದು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಒಂದು ಬಡಿತಕ್ಕೆ ತಗಲುವ ಸುಮಾರು 0.8 ಸೆಕೆಂಡಿನಲ್ಲಿ ಹೃತ್ಕುಕ್ಷಿಗಳು ಸಂಕುಚಿಸುವ ಕಾಲ 0.3 ಸೆಕೆಂಡು ಮಾತ್ರ. ಉಳಿದ 0.5 ಸೆಕೆಂಡು ಅವು ಸಡಿಲಗೊಂಡಿರುತ್ತವೆ. ಹೃದಯದ ಸ್ನಾಯುವಿಗೇ ಆಹಾರವನ್ನೂ ಆಮ್ಲಜನಕವನ್ನೂ ಒದಗಿಸುವ ಎರಡು ಕಿರೀಟಾಕಾರದ ಅಪಧಮನಿಗಳುಂಟು. ಅವುಗಳಲ್ಲಿ ರಕ್ತವು ಹೆಚ್ಚಾಗಿ ಹರಿಯುವುದು ಈ ಸಡಿಲಿಕೆಯ ಕಾಲದಲ್ಲಿಯೇ. ಬಡಿತವು ಮಿತಿಮೀರಿ ತೀವ್ರವಾದರೆ ವಿಶ್ರಾಂತಿಯ ಅವಧಿ ಕುಗ್ಗುತ್ತದೆ. ದುಡಿಮೆ ಹೆಚ್ಚಿದಾಗಲೇ ಹೃದಯಕ್ಕೆ ಊಟ ಕಡಿಮೆಯಾಗುತ್ತದೆ. ಹೃದ್ರೋಗಿಗೆ ವಿಶ್ರಾಂತಿ ಬೇಕೆಂದು ವೈದ್ಯರು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಈ ಬಡಿತಕ್ಕೆ ಅಪ್ಪಣೆ ಕೊಡುವವರು ಯಾರು? ಬಲಹೃತ್ಕರ್ಣದ ಗೋಡೆಯಲ್ಲಿ ಒಂದು ಸಣ್ಣ ಗಂಟು ಇದೆ. ಅಲ್ಲಿ ತಾನೇ ತಾನಾಗಿ ಹುಟ್ಟುವ ವಿದ್ಯುತ್ಸ್ಪಂದನವು ಮೊದಲು ಹೃತ್ಕರ್ಣಗಳಿಗೂ ಅನಂತರ ಹೃತ್ಕುಕ್ಷಿಗಳಿಗೂ ಹರಡಿ ಅವುಗಳನ್ನು ಕ್ರಮವಾಗಿ ಸಂಕುಚಿಸುವಂತೆ ಮಾಡುತ್ತದೆ. ಈ ಗತಿನಿಯಾಮಕವನ್ನು 1907ರಲ್ಲಿ ಲೋಕಕ್ಕೆ ತಿಳಿಸಿದವರು ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್. ಫ್ಲ್ಯಾಕ್ ಆಗಿನ್ನೂ ವೈದ್ಯವಿದ್ಯಾರ್ಥಿಯಾಗಿದ್ದನೆಂಬುದು ನೆನಪಿನಲ್ಲಿಡತಕ್ಕ ಮಾತು.

ಹೃದಯದ ವಿಷಯದಲ್ಲಿ ಮನುಷ್ಯನು ಗಳಿಸಿದ ತಿಳಿವಳಿಕೆಯ ಬಹುಭಾಗ ಎಣಿಕೆಯಿಂದಲೇ ಬಂದುದು. ರಕ್ತವು ಯಕೃತ್ತಿನಲ್ಲಿ ಹೊಸದಾಗಿ ಹುಟ್ಟಿ ಅಂಗಾಂಗಗಳಲ್ಲಿ ಇಂಗಿ ಹೋಗುವುದೆಂದು ಯೂರೋಪಿನ ವೈದ್ಯರು ಶತಮಾನಗಳ ಕಾಲ ನಂಬಿದ್ದರು. ಇಂಗ್ಲೆಂಡಿನ ವಿಲಿಯಂ ಹಾರ್ವೆ ಇದನ್ನು ಲೆಕ್ಕ ಹಾಕಿ ಪರೀಕ್ಷಿಸಿದನು. ಒಂದು ಬಡಿತಕ್ಕೆ ಹೊರಬರುವ ರಕ್ತವನ್ನು ಎಷ್ಟು ಕಡಿಮೆಯೆಂದು ಹಿಡಿದರೂ, ಅರ್ಧ ಗಂಟೆಯಲ್ಲಿ ಹೃದಯವು ದೂಡುವ ರಕ್ತ ದೇಹದಲ್ಲಿರುವ ಒಟ್ಟು ರಕ್ತವನ್ನೇ ಮೀರುತ್ತಿತ್ತು. ಅಷ್ಟು ರಕ್ತ ಉತ್ಪತ್ತಿಯಾಗುವುದು ಅಸಾಧ್ಯ. ಆದುದರಿಂದ ಅದೇ ರಕ್ತ ಮತ್ತೆ ಮತ್ತೆ ಸುತ್ತಿ ಬರುತ್ತಿರಬೇಕೆಂದು ಅವನು 1628ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಸಾರಿದನು. ಅಪಧಮನಿಗಳನ್ನೂ ಅಭಿಧಮನಿಗಳನ್ನೂ ಕೂಡಿಸುವ ಸೂಕ್ಷ್ಮ ಲೋಮನಾಳಗಳನ್ನು ಅವನು ಕಾಣಲಿಲ್ಲ. ಇಟಲಿಯ ಮಾಲ್ಪೀಗಿಯು 1661ರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಕಪ್ಪೆಯ ಶ್ವಾಸಕೋಶದಲ್ಲಿ ಅವುಗಳನ್ನು ಕಂಡು ಹಾರ್ವೆಯ ಮಾತಿಗೆ ಸಾಕ್ಷ್ಯ ಒದಗಿಸಿದನು.

ಎಣಿಕೆಯ ಸಾಧನಗಳೂ ಒಂದೊಂದಾಗಿ ಬಂದುವು. 1816ರಲ್ಲಿ ಫ್ರಾನ್ಸಿನ ಲೆನೆಕ್ ಎಂಬ ವೈದ್ಯನು ಕಾಗದದ ಸುರುಳಿಯೊಂದನ್ನು ರೋಗಿಯ ಎದೆಗೆ ಹಚ್ಚಿ ಆಲಿಸಿದನು. ಸ್ಟೆತಾಸ್ಕೋಪಿನ ಹುಟ್ಟು ಅದು. 1905ರಲ್ಲಿ ರಷ್ಯದ ಕೊರೊಟ್ಕಾಫನು ತೋಳಿಗೆ ಪಟ್ಟಿ ಕಟ್ಟಿ, ಕೊಳವೆಯಿಂದ ಆಲಿಸಿ ರಕ್ತದ ಒತ್ತಡವನ್ನು ಅಳೆಯುವ ಕ್ರಮವನ್ನು ತಿಳಿಸಿದನು. ಹೃದಯದ ವಿದ್ಯುತ್ಸ್ಪಂದನವನ್ನು ಗೆರೆಗಳಾಗಿ ಬರೆದು ತೋರಿಸುವ ಯಂತ್ರಕ್ಕಾಗಿ ಹಾಲೆಂಡಿನ ಐಂತೋವನ್ ಅವರಿಗೆ 1924ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಇಂದು ನಾವು ‘ಇ.ಸಿ.ಜಿ.’ ಎಂದು ಕರೆಯುವುದು ಆ ಬರಹವನ್ನೇ.

ಇಷ್ಟು ಸೊಗಸಾಗಿ ನಡೆಯುವ ಹೃದಯಕ್ಕೂ ರೋಗಗಳು ತಪ್ಪಿದ್ದಲ್ಲ. ಅವುಗಳಲ್ಲಿ ಒಂದು ನಿಮ್ಮ ವಯಸ್ಸಿನವರನ್ನೇ ಹುಡುಕಿಕೊಂಡು ಬರುವಂಥದು. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಗಂಟಲುನೋವು ಬಂದ ಕೆಲವು ಮಕ್ಕಳಿಗೆ ಎರಡು ಮೂರು ವಾರಗಳ ಅನಂತರ ಜ್ವರ ಬಂದು ಕೀಲುಗಳು ಊದಿಕೊಳ್ಳುತ್ತವೆ. ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಅಲೆಯುತ್ತದೆ. ಇದೇ ರುಮ್ಯಾಟಿಕ್ ಜ್ವರ. ಐದರಿಂದ ಹದಿನೈದು ವರ್ಷದವರಲ್ಲಿ ಇದು ಹೆಚ್ಚು. ಕೀಲುಗಳ ಬಾವು ಇಳಿದು ಹೋಗುತ್ತದೆ. ಆದರೆ ಹೃದಯದ ಕವಾಟಗಳಿಗೆ ತಗಲಿದ ಪೆಟ್ಟು ಉಳಿದುಬಿಡಬಹುದು. ಅಂಥ ಮಗುವಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡಬೇಕಾಗುತ್ತದೆ. ಮಗು ಆಡಿಕೊಂಡಿರುವುದನ್ನು ಕಂಡ ತಂದೆತಾಯಿಗಳು ಇನ್ನು ಚುಚ್ಚುಮದ್ದೇಕೆಂದು ಸುಮ್ಮನಾಗುವುದುಂಟು. ಆಗ ದಿನಾಂಕ ಬರೆದಿಟ್ಟ ಪುಸ್ತಕವನ್ನು ತೆರೆದು, ಬಾರದ ಮಗುವನ್ನು ಕರೆಸುವವರು ಆರೋಗ್ಯಕೇಂದ್ರದ ಶುಶ್ರೂಷಕಿಯರೇ. ಅಲ್ಲಿಯೂ ಎಣಿಕೆಯದೇ ಕೆಲಸ; ಬಡಿತಗಳ ಬದಲು ವಾರಗಳ ಎಣಿಕೆ.

ನಡುವಯಸ್ಸಿನವರನ್ನೂ ಮುದುಕರನ್ನೂ ಹೆಚ್ಚಾಗಿ ಕಾಡುವುದು ಕಿರೀಟಾಕಾರದ ಅಪಧಮನಿಗಳ ರೋಗ. ಕೊಬ್ಬು ಸೇರಿ ಇವುಗಳ ಒಳದಾರಿ ಇಕ್ಕಟ್ಟಾದಾಗ ಏರು ಹತ್ತುವಾಗಲೋ ವೇಗವಾಗಿ ನಡೆಯುವಾಗಲೋ ಎದೆ ಬಿಗಿದು ನೋಯುತ್ತದೆ. ನಿಂತರೆ ನೋವು ಶಮನವಾಗುತ್ತದೆ. ಇದು ಹೃದಯಶೂಲೆ. ರಕ್ತದ ಗರಣೆಯೊಂದು ದಾರಿಯನ್ನು ಪೂರ್ತಿ ಮುಚ್ಚಿದರೆ ಅಲ್ಲಿಂದ ಮುಂದಿನ ಸ್ನಾಯು ಸಾಯತೊಡಗುತ್ತದೆ. ಇದೇ ಹೃದಯಾಘಾತ. ಎದೆಯ ನಡುವೆ ಭಾರ ಹೇರಿದಂಥ ನೋವು, ಎಡತೋಳಿಗೂ ದವಡೆಗೂ ಬೆನ್ನಿಗೂ ಅದು ಹಬ್ಬುವುದು, ತಣ್ಣನೆಯ ಬೆವರು, ವಾಕರಿಕೆ, ಏದುಸಿರು ಇದರ ಲಕ್ಷಣಗಳು. ಮಧುಮೇಹಿಗಳಲ್ಲಿ, ವೃದ್ಧರಲ್ಲಿ, ಕೆಲವು ಸ್ತ್ರೀಯರಲ್ಲಿ ನೋವು ಅಷ್ಟಾಗಿ ಕಾಣದೆ, ಬರಿಯ ಆಯಾಸವೋ ಉಬ್ಬಸವೋ ತೋರಬಹುದು. ನಮ್ಮ ಮನೆಗಳಲ್ಲಿ ಇದನ್ನು ವಾಯುವೆಂದು ತಿಳಿದು ಶುಂಠಿಯ ಕಷಾಯ ಕುಡಿದು ಮಲಗುವವರಿದ್ದಾರೆ. ಹಾಗೆ ಕಳೆದ ಪ್ರತಿಯೊಂದು ನಿಮಿಷವೂ ಹೃದಯದ ಸ್ನಾಯುವಿಗೆ ನಷ್ಟವೇ.

ಮೂರನೆಯದು ಹೃದಯದ ಸೋಲು. ಹೃದಯ ನಿಂತುಹೋಯಿತೆಂದು ಇದರ ಅರ್ಥವಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ದೂಡಲು ಅದು ಅಶಕ್ತವಾಯಿತೆಂದು ಅರ್ಥ. ಕೆಟ್ಟ ಕವಾಟ, ಹಿಂದಿನ ಹೃದಯಾಘಾತ, ಬಹುಕಾಲದ ಅಧಿಕ ರಕ್ತದೊತ್ತಡ ಇವೆಲ್ಲ ಕೊನೆಗೆ ಇಲ್ಲಿಗೆ ತಂದು ನಿಲ್ಲಿಸಬಹುದು. ಮೈಯಲ್ಲಿ ನೀರು ನಿಲ್ಲುತ್ತದೆ. ಪಾದಗಳು ಬಾತುಕೊಳ್ಳುತ್ತವೆ, ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೆಯೇ ಉಳಿಯುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆ. ರೋಗಿ ರಾತ್ರಿಯೆಲ್ಲ ಕುಳಿತೇ ಕಳೆಯುತ್ತಾನೆ.

ಈ ರೋಗದ ಔಷಧೋಪಚಾರದ ಇತಿಹಾಸದಲ್ಲಿ ಒಂದು ಕುತೂಹಲಕರವಾದ ಕಥೆ ಉಂಟು. 1775ರಲ್ಲಿ ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ವೈದ್ಯನ ಗಮನಕ್ಕೆ ಒಂದು ಮನೆಮದ್ದು ಬಂದಿತು. ಮೈಯಲ್ಲಿ ನೀರು ತುಂಬುವ ರೋಗಕ್ಕೆ ಅದು ಮದ್ದು. ಶ್ರಾಪ್‌ಷೈರಿನ ಒಬ್ಬ ಮುದುಕಿ ಅದನ್ನು ಗುಟ್ಟಾಗಿ ಇಟ್ಟುಕೊಂಡಿದ್ದಳು. ವೈದ್ಯರು ಕೈಬಿಟ್ಟ ರೋಗಿಗಳೂ ಆಕೆಯಿಂದ ಗುಣ ಹೊಂದುತ್ತಿದ್ದರು. ಆ ಮದ್ದಿನಲ್ಲಿ ಇಪ್ಪತ್ತು ಅಥವಾ ಅದಕ್ಕೂ ಹೆಚ್ಚು ಗಿಡಮೂಲಿಕೆಗಳಿದ್ದರೂ ಗುಣವಿದ್ದುದು ಡಿಜಿಟ್ಯಾಲಿಸ್ ಎಂಬ ಒಂದೇ ಗಿಡದಲ್ಲಿ ಎಂದು ವಿದರಿಂಗ್ ಗುರುತಿಸಿದನು. ಹತ್ತು ವರ್ಷಗಳ ಕಾಲ ಅದನ್ನು ರೋಗಿಗಳಿಗೆ ಕೊಟ್ಟು, ಫಲಿಸಿದುದನ್ನೂ ಫಲಿಸದುದನ್ನೂ ಮರೆಮಾಚದೆ ಬರೆದು 1785ರಲ್ಲಿ ಪ್ರಕಟಿಸಿದನು. ಪ್ರಮಾಣ ಮೀರಿದರೆ ವಾಂತಿಯಾಗುವುದನ್ನೂ ವಸ್ತುಗಳು ಹಳದಿಯಾಗಿ, ಹಸಿರಾಗಿ ತೋರುವುದನ್ನೂ ನಾಡಿ ನಿಮಿಷಕ್ಕೆ 35ರವರೆಗೂ ಇಳಿಯುವುದನ್ನೂ ಅವನು ದಾಖಲೆ ಮಾಡಿದನು. ಅತಿಯಾದರೆ ಅಮೃತವೂ ವಿಷ ಎಂಬ ನಮ್ಮ ಗಾದೆ ಈ ಮದ್ದಿಗೆ ಅಕ್ಷರಶಃ ಒಪ್ಪುತ್ತದೆ.

ಆ ಗಿಡದ ಜಾತಿಯಿಂದಲೇ ಪಡೆದ ಡಿಜಾಕ್ಸಿನ್ ಎಂಬ ಔಷಧ ಇಂದಿಗೂ ಕೆಲವು ರೋಗಿಗಳಿಗೆ ಬಳಕೆಯಲ್ಲಿದೆ. ಒಂದು ಮಾತ್ರೆಯಲ್ಲಿರುವ ಮದ್ದು ಸಾಮಾನ್ಯವಾಗಿ ಒಂದು ಗ್ರಾಮಿನ ನಾಲ್ಕು ಸಾವಿರದಲ್ಲಿ ಒಂದು ಪಾಲು! ಗುಣಮಾಡುವ ಪ್ರಮಾಣಕ್ಕೂ ಕೇಡು ಮಾಡುವ ಪ್ರಮಾಣಕ್ಕೂ ನಡುವಣ ಅಂತರ ಬಹಳ ಕಿರಿದು. ಈ ಕಿರಿದಾದ ದಾರಿಯಲ್ಲಿ ರೋಗಿಯ ಕೈಹಿಡಿದು ನಡೆಸುವವರು ಶುಶ್ರೂಷಕಿಯರು.

ಒಂದು ಸರಕಾರಿ ಆಸ್ಪತ್ರೆಯನ್ನು ಕಲ್ಪಿಸಿಕೊಳ್ಳಿ. ಬೆಳಗಿನ ಆರು ಗಂಟೆ. ರಾತ್ರಿಯ ಪಾಳಿ ಮುಗಿಯುವ ಹೊತ್ತು. ಶುಶ್ರೂಷಕಿಯು ಔಷಧದ ತಟ್ಟೆಯನ್ನು ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಬರುತ್ತಿದ್ದಾಳೆ. ಕಿಟಕಿಯ ಬಳಿಯ ಹಾಸಿಗೆಯಲ್ಲಿ ಒಬ್ಬ ವೃದ್ಧ ರೈತ ಮೂರು ದಿಂಬುಗಳಿಗೆ ಒರಗಿ ಕುಳಿತಿದ್ದಾನೆ. ರಾತ್ರಿಯ ಊಟ ಮುಟ್ಟಿಲ್ಲ. ವಾಕರಿಕೆ ಬರುತ್ತಿದೆಯೆಂದೂ ದೀಪದ ಸುತ್ತ ಅರಿಸಿನದ ಬಣ್ಣ ಕಾಣುತ್ತಿದೆಯೆಂದೂ ಹೇಳುತ್ತಾನೆ. ಆಕೆ ತಟ್ಟೆಯನ್ನು ಕೆಳಗಿಟ್ಟು, ಸ್ಟೆತಾಸ್ಕೋಪನ್ನು ಅವನ ಎಡ ಎದೆಯ ಕೆಳಭಾಗದಲ್ಲಿ, ಹೃದಯದ ತುದಿ ಮಿಡಿಯುವ ಎಡೆಯಲ್ಲಿ ಇಟ್ಟು, ಗಡಿಯಾರವನ್ನು ನೋಡುತ್ತ ಎಣಿಸುತ್ತಾಳೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಆದರೆ ಲಯ ತಪ್ಪಿದ ಹೃದಯವು ಒಂದು ಗಳಿಗೆ ಓಡಿ ಇನ್ನೊಂದು ಗಳಿಗೆ ತಡೆಯುತ್ತದೆ. ಅದರ ಲೆಕ್ಕ ಗುಣಾಕಾರಕ್ಕೆ ಸಿಕ್ಕುವುದಿಲ್ಲ. ಆದುದರಿಂದ ಆಕೆ ಪೂರ್ತಿ ಒಂದು ನಿಮಿಷ ಎಣಿಸುತ್ತಾಳೆ. ನಲವತ್ತೆಂಟು. ಅರುವತ್ತಕ್ಕಿಂತ ಕಡಿಮೆಯಿದ್ದರೆ ಈ ಮಾತ್ರೆಯನ್ನು ಕೊಡದೆ ವೈದ್ಯರಿಗೆ ತಿಳಿಸಬೇಕೆಂಬುದು ನಿಯಮ.

“ಯಾಕಮ್ಮಾ, ಇವತ್ತು ಆ ಸಣ್ಣ ಮಾತ್ರೆ ಕೊಡಲಿಲ್ಲ?” ಎಂದು ವೃದ್ಧನು ಕೇಳುತ್ತಾನೆ.

“ಡಾಕ್ಟರಿಗೆ ಹೇಳಿಕಳಿಸಿದ್ದೇನೆ ಅಜ್ಜಾ. ಅವರು ಬಂದು ನೋಡಿದ ಮೇಲೆ ಹೇಗೆ ಹೇಳುತ್ತಾರೋ ಹಾಗೆ ಮಾಡೋಣ” ಎನ್ನುತ್ತಾಳೆ ಆಕೆ. ಎಣಿಕೆಯನ್ನೂ ಸಮಯವನ್ನೂ ರೋಗಿ ಹೇಳಿದ ಮಾತುಗಳನ್ನೂ ಪಟ್ಟಿಯಲ್ಲಿ ಬರೆಯುತ್ತಾಳೆ. ವೈದ್ಯರು ಬರುತ್ತಾರೆ, ಇ.ಸಿ.ಜಿ. ತೆಗೆಸುತ್ತಾರೆ, ರಕ್ತವನ್ನು ಪರೀಕ್ಷೆಗೆ ಕಳುಹಿಸುತ್ತಾರೆ, ಮಾತ್ರೆಯನ್ನು ನಿಲ್ಲಿಸುತ್ತಾರೆ. ಕೆಲವು ದಿನಗಳಲ್ಲಿ ವೃದ್ಧನು ಚೇತರಿಸಿಕೊಳ್ಳುತ್ತಾನೆ. ಆ ಬೆಳಗ್ಗೆ ಆ ವಾರ್ಡಿನಲ್ಲಿ ಹೇಳಿಕೊಳ್ಳುವಂಥದು ಏನೂ ನಡೆಯಲಿಲ್ಲ. ನಡೆಯಬಹುದಾಗಿದ್ದ ಅನಾಹುತ ನಡೆಯಲಿಲ್ಲವೆಂಬುದೇ ಆ ಒಂದು ನಿಮಿಷದ ಎಣಿಕೆಯ ಫಲ.

ಬೇರೆ ಔಷಧಗಳಿಗೂ ಇಂಥದೇ ಎಚ್ಚರ ಬೇಕು. ಮೈಯ ನೀರನ್ನು ಮೂತ್ರದ ಮೂಲಕ ಇಳಿಸುವ ಮಾತ್ರೆಗಳನ್ನು ಸಾಮಾನ್ಯವಾಗಿ ಬೆಳಗ್ಗೆ ಕೊಡುತ್ತಾರೆ. ರಾತ್ರಿ ಕೊಟ್ಟರೆ ರೋಗಿಗೆ ನಿದ್ರೆಯಿಲ್ಲ. ಮದ್ದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಪ್ರತಿದಿನ ಬೆಳಗ್ಗೆ ಒಂದೇ ಹೊತ್ತಿನಲ್ಲಿ, ಒಂದೇ ತಕ್ಕಡಿಯಲ್ಲಿ ತೂಕ ನೋಡಬೇಕು. ಒಂದೆರಡು ದಿನಗಳಲ್ಲಿ ತೂಕ ಒಂದೆರಡು ಕಿಲೋ ಏರಿದರೆ ಅದು ಮಾಂಸವಲ್ಲ, ನೀರು. ಈ ಮಾತ್ರೆಗಳಲ್ಲಿ ಕೆಲವು ನೀರಿನೊಡನೆ ಪೊಟ್ಯಾಸಿಯಮ್ಮನ್ನೂ ಹೊರಹಾಕುತ್ತವೆ. ಅದು ಕಡಿಮೆಯಾದರೆ ಹೃದಯದ ಲಯ ತಪ್ಪುತ್ತದೆ, ಡಿಜಾಕ್ಸಿನ್ನಿನ ವಿಷಗುಣ ಹೆಚ್ಚುತ್ತದೆ. ಮದ್ದಿನೊಡನೆ ಪಥ್ಯವೂ ಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ದೂರವಿಡದೆ ನೀರಿಳಿಸುವ ಮಾತ್ರೆ ನುಂಗುವುದು ತೂತು ಕೊಡಕ್ಕೆ ನೀರು ಹೊತ್ತಂತೆ.

ಹೃದಯಶೂಲೆಗೆ ನಾಲಗೆಯ ಕೆಳಗಿಡುವ ಮಾತ್ರೆಯಲ್ಲಿರುವುದು ನೈಟ್ರೊಗ್ಲಿಸರಿನ್. ಬಂಡೆಗಳನ್ನು ಸಿಡಿಸುವ ಡೈನಮೈಟಿನಲ್ಲಿರುವುದೂ ಅದೇ. 1879ರಲ್ಲಿ ಲಂಡನ್ನಿನ ವಿಲಿಯಂ ಮರೆಲ್ ಅದರಿಂದ ಹೃದಯಶೂಲೆ ಶಮನವಾಗುವುದನ್ನು ವರದಿ ಮಾಡಿದನು. ಡೈನಮೈಟಿನ ಜನಕನಾದ ಆಲ್ಫ್ರೆಡ್ ನೊಬೆಲನಿಗೆ ಕೊನೆಗಾಲದಲ್ಲಿ ಹೃದ್ರೋಗ ಬಂದಾಗ ವೈದ್ಯರು ಇದನ್ನೇ ಸೂಚಿಸಿದರೆಂಬುದು ವಿಧಿಯ ವಿನೋದ. ಈ ಮದ್ದು ರಕ್ತನಾಳಗಳನ್ನು ಅಗಲಿಸುವುದರಿಂದ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. ಆದುದರಿಂದ ರೋಗಿಯನ್ನು ಕುಳ್ಳಿರಿಸಿ ಕೊಡಬೇಕು. ಬೆಳಕಿಗೆ ಕೆಡುವ ಮದ್ದಾದುದರಿಂದ ಕಂದುಬಣ್ಣದ ಸೀಸೆಯಲ್ಲಿ ಭದ್ರವಾಗಿ ಮುಚ್ಚಿಡಬೇಕು. ಬಡಿತವನ್ನು ನಿಧಾನಗೊಳಿಸಿ ಹೃದಯದ ಹೊರೆಯನ್ನು ತಗ್ಗಿಸುವ ಇನ್ನೊಂದು ಬಗೆಯ ಮದ್ದನ್ನು ಬಳಕೆಗೆ ತಂದ ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದನ್ನು ಥಟ್ಟನೆ ನಿಲ್ಲಿಸಬಾರದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ 1948ರಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು ಇಲಿಪಾಷಾಣವಾಗಿ! ಅದನ್ನು ಸೇವಿಸುವ ರೋಗಿಯ ಒಸಡಿನಲ್ಲಿ ರಕ್ತ ಒಸರುತ್ತಿದೆಯೇ, ಮೈಮೇಲೆ ನೀಲಿ ಕಲೆಗಳೆದ್ದಿವೆಯೇ ಎಂದು ದಿನವೂ ನೋಡಬೇಕು.

ನಮ್ಮ ದೇಶದ ಕಾಣಿಕೆಯನ್ನೂ ಇಲ್ಲಿ ಸ್ಮರಿಸಬೇಕು. ನಮ್ಮ ಪಶ್ಚಿಮಘಟ್ಟಗಳ ಕಾಡಿನಲ್ಲಿಯೂ ಬೆಳೆಯುವ ಸರ್ಪಗಂಧಿಯ ಬೇರು ಹಿಂದಿನಿಂದಲೂ ನಾಟಿ ವೈದ್ಯರಿಗೆ ಪರಿಚಿತವಾದುದು. ಅದು ಅಧಿಕ ರಕ್ತದೊತ್ತಡವನ್ನು ಇಳಿಸುತ್ತದೆಂಬುದನ್ನು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರು 1949ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದಾಗ ಪಾಶ್ಚಾತ್ಯ ವೈದ್ಯಲೋಕದ ಗಮನ ಇತ್ತ ಹರಿಯಿತು. ಮುಂದೆ ಅಡ್ಡಪರಿಣಾಮಗಳು ಕಡಿಮೆಯಿರುವ ಮದ್ದುಗಳು ಬಂದು ಅದರ ಬಳಕೆ ಕುಗ್ಗಿತು. ಆದರೂ ರಕ್ತದೊತ್ತಡವನ್ನು ಮದ್ದಿನಿಂದ ಹತೋಟಿಗೆ ತರಬಹುದೆಂಬ ಭರವಸೆಯನ್ನು ಮೂಡಿಸಿದವುಗಳಲ್ಲಿ ಆ ಬೇರೂ ಒಂದು.

ಶುಶ್ರೂಷಕಿಯರ ಕಾವಲಿಗೆ ಎಷ್ಟು ಬೆಲೆಯುಂಟೆಂಬುದು ಕಳೆದ ಶತಮಾನದ ಅರುವತ್ತರ ದಶಕದಲ್ಲಿ ಸ್ಪಷ್ಟವಾಯಿತು. ಅದಕ್ಕೆ ಮೊದಲು ಹೃದಯಾಘಾತವಾದವರು ಸಾಮಾನ್ಯ ವಾರ್ಡುಗಳಲ್ಲಿ ಚದರಿ ಮಲಗಿರುತ್ತಿದ್ದರು. ಆಘಾತದ ಬಳಿಕ ಕೆಲವರಲ್ಲಿ ಹೃತ್ಕುಕ್ಷಿಗಳು ಬಡಿಯುವುದನ್ನು ಬಿಟ್ಟು ಬರಿದೆ ನಡುಗತೊಡಗುತ್ತವೆ. ಕೆಲವೇ ನಿಮಿಷಗಳಲ್ಲಿ ವಿದ್ಯುತ್ತಿನ ಪೆಟ್ಟು ಕೊಟ್ಟರೆ ಲಯ ಮರಳಬಹುದು. ಆದರೆ ವೈದ್ಯರನ್ನು ಕರೆತರುವಷ್ಟರಲ್ಲಿ ಆ ನಿಮಿಷಗಳು ಕಳೆದುಹೋಗುತ್ತಿದ್ದುವು. 1962ರ ಸುಮಾರಿನಲ್ಲಿ ಅಮೆರಿಕದ ಕ್ಯಾನ್ಸಾಸ್ ನಗರದಲ್ಲಿ ಹ್ಯೂಸ್ ಡೇ ಅವರೂ ಫಿಲಡೆಲ್ಫಿಯದಲ್ಲಿ ಲಾರೆನ್ಸ್ ಮೆಲ್ಟ್‌ಜರ್ ಅವರೂ ಇಂಥ ರೋಗಿಗಳನ್ನು ಒಂದೆಡೆ ಸೇರಿಸಿ ಹಗಲಿರುಳು ಕಾಯುವ ವ್ಯವಸ್ಥೆ ಮಾಡಿದರು. ಮೆಲ್ಟ್‌ಜರ್ ಅವರೊಡನೆ ದುಡಿದವರು ರೋಸ್ ಪಿನಿಯೋ ಎಂಬ ಶುಶ್ರೂಷಕಿ. ಹೃದಯದ ಗೆರೆಗಳನ್ನು ಓದುವುದನ್ನು ಶುಶ್ರೂಷಕಿಯರಿಗೆ ಕಲಿಸಲಾಯಿತು. ವೈದ್ಯರಿಗೆ ಕಾಯದೆ ವಿದ್ಯುತ್ತಿನ ಪೆಟ್ಟು ಕೊಡುವ ಅಧಿಕಾರವೂ ಅವರಿಗೆ ಬಂದಿತು. 1965ರಲ್ಲಿ ಅವರಿಗೆಂದೇ ಒಂದು ಕೈಪಿಡಿ ಹೊರಬಿತ್ತು. 1967ರಲ್ಲಿ ನ್ಯೂಯಾರ್ಕಿನ ಕಿಲಿಪ್ ಮತ್ತು ಕಿಂಬಾಲ್ ಎಂಬ ವೈದ್ಯರು ತಾವು ಇಂಥ ಘಟಕದಲ್ಲಿ ನೋಡಿಕೊಂಡ 250 ರೋಗಿಗಳ ವಿವರವನ್ನು ಪ್ರಕಟಿಸಿದರು. ತೀವ್ರ ಕುಸಿತಕ್ಕೆ ಒಳಗಾಗದಿದ್ದ ರೋಗಿಗಳಲ್ಲಿ ಸಾವು ನೂರಕ್ಕೆ 26ರಿಂದ 7ಕ್ಕೆ ಇಳಿದಿತ್ತು. ಯಂತ್ರ ಮೊದಲೂ ಇತ್ತು. ಅದನ್ನು ಬಲ್ಲ ಕೈ ಹಾಸಿಗೆಯ ಪಕ್ಕದಲ್ಲಿಯೇ ಇರಲಿಲ್ಲ.

ಈ ಕಾವಲಿನಲ್ಲಿ ನಮಗೂ ನಿಮಗೂ ಪಾಲುಂಟು. ಎದೆನೋವಿನಿಂದ ನರಳುವವರನ್ನು ನಡೆಸದೆ, ಧೈರ್ಯ ಹೇಳಿ ಕುಳ್ಳಿರಿಸಿ, 108ಕ್ಕೆ ದೂರವಾಣಿ ಮಾಡಿರಿ. ಎಚ್ಚರ ತಪ್ಪಿ ಬಿದ್ದವರು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ, ಅವರ ಎದೆಯ ನಡುವೆ ಎರಡು ಅಂಗೈಗಳನ್ನು ಒಂದರ ಮೇಲೊಂದಿಟ್ಟು ಒತ್ತಬೇಕು. ವಯಸ್ಕರಲ್ಲಿ ಎದೆಯು ಐದು ಸೆಂಟಿಮೀಟರಿನಷ್ಟು ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುವುದು ಕ್ರಮ. ಎದೆಯನ್ನು ಸೀಳದೆಯೇ ಹೃದಯದಿಂದ ರಕ್ತವನ್ನು ಹರಿಯಿಸಬಹುದಾದ ಈ ವಿಧಾನವನ್ನು 1960ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಕೌವನ್‌ಹೋವನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು ಪ್ರಕಟಿಸಿದರು. ಅವರಲ್ಲಿ ಮೊದಲನೆಯವರು ವೈದ್ಯರಲ್ಲ, ವಿದ್ಯುತ್ ಎಂಜಿನಿಯರು. ಇದನ್ನು ಬಲ್ಲವರಿಂದ ನೋಡಿ ಕಲಿಯಬೇಕು. ಮನೆಯಲ್ಲಿ ಗಂಟಲುನೋವಿಗೆ ಮದ್ದು ಕೊಟ್ಟರೆ ಹೇಳಿದಷ್ಟು ದಿನವೂ ತೆಗೆದುಕೊಳ್ಳಿರಿ. ಅಜ್ಜ ಅಜ್ಜಿಯರ ಮಾತ್ರೆಗಳ ಹೆಸರನ್ನೂ ಹೊತ್ತನ್ನೂ ಒಂದು ಹಾಳೆಯಲ್ಲಿ ಬರೆದಿಡಿರಿ. ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ಬಿಡಲಾಗದು, ಹೆಚ್ಚಿಸಲಾಗದು.

ಹಾರ್ವೆ ಎಣಿಸಿ ರಕ್ತಚಲನೆಯನ್ನು ಕಂಡನು. ವಿದರಿಂಗ್ ಎಣಿಸಿ ಮದ್ದಿನ ಮಿತಿಯನ್ನು ಅರಿತನು. ಅವರ ಹೆಸರುಗಳು ಗ್ರಂಥಗಳಲ್ಲಿ ಉಳಿದಿವೆ. ಅವರು ಗಳಿಸಿದ ಜ್ಞಾನವನ್ನು ರೋಗಿಯ ಹಾಸಿಗೆಯವರೆಗೆ ತಂದು, ನಡುರಾತ್ರಿಯಲ್ಲಿಯೂ ಬೆರಳನ್ನು ನಾಡಿಯ ಮೇಲಿಟ್ಟು ಎಣಿಸುವ ಸಾವಿರಾರು ಜನರ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಇಂದು ಸ್ತ್ರೀಯರೊಡನೆ ಪುರುಷರೂ ಈ ಸೇವೆಗೆ ಬರುತ್ತಿದ್ದಾರೆ. ನಿಮ್ಮಲ್ಲಿ ಕೆಲವರಾದರೂ ನಾಳೆ ಆ ಹಾಸಿಗೆಯ ಬಳಿ ನಿಲ್ಲುವಿರಿ. ಅಂದು ಎಷ್ಟೇ ಅವಸರವಿದ್ದರೂ ನಿಮಿಷವನ್ನು ಪೂರ್ತಿ ಎಣಿಸಿರಿ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಹೃದಯದ ನಾಲ್ಕು ಕೋಣೆಗಳು ಯಾವುವು?
2. ‘ಲಬ್ ಡಬ್’ ಎಂಬ ಸದ್ದು ಹೇಗೆ ಉಂಟಾಗುತ್ತದೆ?
3. ಲೋಮನಾಳಗಳನ್ನು ಮೊದಲು ಕಂಡವರು ಯಾರು? ಯಾವಾಗ?
4. ನೀರಿಳಿಸುವ ಮಾತ್ರೆಯನ್ನು ಬೆಳಗ್ಗೆಯೇ ಕೊಡುವುದೇಕೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ರಕ್ತವು ದೇಹದಲ್ಲಿ ಸುತ್ತಿ ಬರುತ್ತದೆಂದು ಹಾರ್ವೆ ಹೇಗೆ ನಿರ್ಧರಿಸಿದನು?
2. ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ವರ್ಷಗಟ್ಟಲೆ ಚುಚ್ಚುಮದ್ದು ಏಕೆ ಬೇಕು?
3. ಶುಶ್ರೂಷಕಿಯು ವೃದ್ಧನಿಗೆ ಮಾತ್ರೆಯನ್ನು ಕೊಡದಿರಲು ಕಾರಣಗಳೇನು?

ಇ. ಸಂದರ್ಭ ಸಹಿತ ವಿವರಿಸಿರಿ:
1. “ಯಾಕಮ್ಮಾ, ಇವತ್ತು ಆ ಸಣ್ಣ ಮಾತ್ರೆ ಕೊಡಲಿಲ್ಲ?”
2. “ಯಂತ್ರ ಮೊದಲೂ ಇತ್ತು, ಅದನ್ನು ಬಲ್ಲ ಕೈ ಹಾಸಿಗೆಯ ಪಕ್ಕದಲ್ಲಿಯೇ ಇರಲಿಲ್ಲ.”

ಈ. ಭಾಷಾಭ್ಯಾಸ:
1. ಬಿಡಿಸಿ ಸಂಧಿಯನ್ನು ಹೆಸರಿಸಿರಿ: ಹೃದಯಾಘಾತ, ಔಷಧೋಪಚಾರ, ಏರಿಳಿತ.
2. ಸ್ವಂತ ವಾಕ್ಯಗಳಲ್ಲಿ ಬಳಸಿರಿ: ಎದೆ ಝಲ್ಲೆನ್ನು, ಎದೆ ಬಿರಿ, ಕೈಬಿಡು, ಓಗೊಡು.

ಉ. ಮಾಡಿ ತಿಳಿಯಿರಿ:
ಕುಳಿತಿರುವಾಗ, ನಡೆದು ಬಂದ ಮೇಲೆ, ಓಡಿ ಬಂದ ಮೇಲೆ ನಿಮ್ಮ ನಾಡಿಯನ್ನು ಒಂದೊಂದು ನಿಮಿಷ ಎಣಿಸಿ ಪಟ್ಟಿ ಮಾಡಿರಿ. ವ್ಯತ್ಯಾಸಕ್ಕೆ ಕಾರಣವನ್ನು ತರಗತಿಯಲ್ಲಿ ಚರ್ಚಿಸಿರಿ.